ಮುಂಗೈ ಮೇಲಿನ ಬುಗುರಿ

"ಮನುಷ್ಯ ಅಂದಮೇಲೆ ನಿಷ್ಠೆ ಅನ್ನೋದು ಇರಬೇಕು!" ಎಂದು ಆ ಭಾನುವಾರ ಬೆಳಗ್ಗೆ ನಾನು ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದೆ.

ನನ್ನಾಕೆ ತಲೆಯೆತ್ತಲಿಲ್ಲ. ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಲೋಕದವರ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹಿಡಿಯುವುದು ಅವಳ ಸಂಬಳದ ಕೆಲಸ. ನನ್ನ ತಪ್ಪುಗಳನ್ನು ಹಿಡಿಯುವುದು ಉಚಿತ ಸೇವೆ. ಭಾನುವಾರವೂ ರಜೆಯಿಲ್ಲ.

"ಯಾರ ಮೇಲೆ ನಿಷ್ಠೆ?" ಎಂದಳು, ಹಾಳೆ ತಿರುವುತ್ತಾ.

"ಬುಗುರಿ ಮೇಲೆ!"

"ಸರಿ. ಇನ್ನೊಂದ್ಸಲ ಕುಟ್ಟೋದಾದ್ರೆ ಲೋಟದ ಕೆಳಗೆ ಏನಾದ್ರೂ ಇಟ್ಕೊಳ್ಳಿ. ಮೇಜಿಗೆ ಕಲೆ ಆಗುತ್ತೆ."

ನನ್ನ ಘೋಷಣೆಯ ತೂಕ ನಿಮಗಾದರೂ ತಿಳಿಯಬೇಕಾದರೆ ನನ್ನ ಜೀವನಚರಿತ್ರೆಯನ್ನು ಸ್ವಲ್ಪ ಕೇಳಬೇಕು. ಹೆದರಬೇಡಿ! ಗೇಮ್ ಕನ್ಸೋಲುಗಳ ಮಟ್ಟಿಗೆ ಮಾತ್ರ. ಅದನ್ನು ಬಿಟ್ಟರೆ ನನ್ನ ಜೀವನದಲ್ಲಿ ಚರಿತ್ರೆ ಅನ್ನುವಂಥದ್ದು ಏನೂ ನಡೆದಿಲ್ಲ.

ನಾನು ಚಿಕ್ಕವನಿದ್ದಾಗ ಸೋದರಮಾವ ಒಂದು ಕೆಂಪು ಡಬ್ಬಿ ತಂದುಕೊಟ್ಟ. ಟೀವಿಗೆ ಜೋಡಿಸಿ ಆಡುವ ಡಬ್ಬಿ. ಅದರ ಮುಚ್ಚಳದ ಮೇಲೆ ಬುಗುರಿಯ ಗುರುತು ಇತ್ತು. ಕಂಪನಿಯ ನಿಜವಾದ ಹೆಸರು ಉಚ್ಚರಿಸಲು ನಮ್ಮ ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ ನನಗೂ ನನ್ನ ತಮ್ಮನಿಗೂ ಅದು ಬುಗುರಿ ಕಂಪನಿ. ಅದರಲ್ಲಿ ಕೆನ್ನೆ ಊದಿಸಿಕೊಂಡ ಒಂದು ಆಮೆ, ಹಾರಿ ಹಾರಿ ಹಣ್ಣು ಆಯುತ್ತಿತ್ತು. ಅಷ್ಟೇ ಆಟ! ಆಮೆ ಯಾಕೆ ಹಾರುತ್ತದೆ ಎಂದು ನಾವು ಕೇಳಲಿಲ್ಲ. ಅಮ್ಮ ಬಂದು ಪ್ಲಗ್ ಕೀಳುವವರೆಗೂ ಆಯ್ದೆವು. ಆಗ ನನ್ನ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ಜನ: ಬುಗುರಿ ಇರುವವರು, ಬುಗುರಿ ಇಲ್ಲದ ಪಾಪದವರು.

ಆಮೇಲೆ ಮೀಸೆ ಚಿಗುರಿತು. ಮೀಸೆಯ ಜೊತೆಗೇ ನಾಚಿಕೆಯೂ ಚಿಗುರಿತು. ಗೆಳೆಯರ ಮನೆಗಳಲ್ಲಿ ಆಗ ಬೇರೆ ಕಂಪನಿಯ ಕಪ್ಪು ಡಬ್ಬಿ ಬಂದಿತ್ತು. ಅದರ ಗುರುತು ಸಿಡಿಲು. ಅದರ ಆಟಗಳಲ್ಲಿ ಕತ್ತಲೆ, ಹೊಗೆ, ಬಂದೂಕು, ಸದಾ ನೆಗಡಿಯಾದವನಂತೆ ಗೊಗ್ಗರು ದನಿಯಲ್ಲಿ ಮಾತನಾಡುವ ಒಬ್ಬ ವೀರ! ಹಣ್ಣು ಆಯುವ ಆಮೆಯೆಲ್ಲಿ, ಹೆಣ ಉರುಳಿಸುವ ವೀರನೆಲ್ಲಿ! ನಾನು ರಾತ್ರೋರಾತ್ರಿ ಪಕ್ಷಾಂತರ ಮಾಡಿದೆ. ತಮ್ಮ ಮಾತ್ರ ಬುಗುರಿಗೇ ಅಂಟಿಕೊಂಡ. ಅವನಿಗೆ ‘ಪಾಪು’ ಎಂದು ಹೆಸರಿಟ್ಟೆ. ಅವನ ಗೆಳೆಯರ ಎದುರಿಗೇ ಹಾಗೆ ಕರೆದೆ. ಹೊಸದಾಗಿ ಮತ ಬದಲಿಸಿದವನ ಗಂಟಲು ಯಾವಾಗಲೂ ಸ್ವಲ್ಪ ದೊಡ್ಡದು ತಾನೆ?

ಕಾಲೇಜಿಗೆ ಹೋದ ಮೇಲಂತೂ ನನ್ನ ಭಕ್ತಿ ಟೀವಿಯಲ್ಲಿ ಹಿಡಿಸದಾಯಿತು. ನೇರವಾಗಿ ಹೋಗಿ ಬಲಗೈಯ ಮುಂಗೈ ಮೇಲೆ ಸಿಡಿಲಿನ ಹಚ್ಚೆ ಹಾಕಿಸಿಕೊಂಡೆ. ಮೇಲೆ ಅಂಕುಡೊಂಕು, ಕೆಳಗೆ ಕವಲೊಡೆದ ಎರಡು ಬಾಲ. "ಈ ಕೈಯಲ್ಲಿ ರಕ್ತ ಹರಿಯೋವರೆಗೂ ಸಿಡಿಲು!" ಎಂದು ಗೆಳೆಯರ ಮುಂದೆ ಮುಷ್ಟಿ ಎತ್ತಿದೆ. ಗೆಳೆಯರು ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬನೂ ಹಚ್ಚೆ ಹಾಕಿಸಿಕೊಳ್ಳಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಮದುವೆಯಾದ ಮೇಲೆ.

ರಕ್ತವೇನೋ ಹರಿಯುತ್ತಲೇ ಇತ್ತು. ಆದರೆ ಕೆಲಸ ಬಂತು, ಮದುವೆ ಬಂತು, ಬೆನ್ನುನೋವು ಬಂತು. ನಾನು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ನಿಂತು ಜನರ ಮೂಗು ಕಿವಿಗಳಿಗೆ ಫ್ರೇಮು ಹೊಂದಿಸಿ ಮನೆಗೆ ಬಂದು, ಉಸ್ಸಪ್ಪಾ ಎಂದು ಸಿಡಿಲಿನ ಮುಂದೆ ಕೂತರೆ ಅದು "ಅಪ್‌ಡೇಟ್ ಆಗುತ್ತಿದೆ, ಕಾಯಿರಿ" ಎನ್ನುತ್ತಿತ್ತು. ನನಗೆ ಬಿಡುವು ಸಿಕ್ಕಾಗಲೆಲ್ಲ ಅದಕ್ಕೆ ಅಪ್‌ಡೇಟ್! ಹೇಗೋ ಆಟ ಶುರುವಾದರೆ ಎಲ್ಲಿಯದೋ ದೇಶದ ಪುಂಡರು ಬಂದು ನಾನು ಬಂದೂಕು ಎತ್ತುವ ಮೊದಲೇ ನನ್ನನ್ನು ಕೊಂದು, "ಮಲ್ಕೋ ಹೋಗು ತಾತ" ಎಂದು ಆಶೀರ್ವದಿಸುತ್ತಿದ್ದರು. ನಾನು ಸತ್ತು ಎದ್ದು ಮತ್ತೆ ಸಾಯುವಷ್ಟರಲ್ಲಿ ನನ್ನಾಕೆಯ ಧಾರಾವಾಹಿಯ ಹೊತ್ತಾಗುತ್ತಿತ್ತು.

ಹೀಗಿರುವಾಗ ಬುಗುರಿ ಕಂಪನಿ ಕೈಯಲ್ಲೇ ಹಿಡಿದು ಆಡುವ ಪುಟ್ಟ ಕನ್ಸೋಲ್ ತಂದಿತು. ಟೀವಿ ಬೇಡ, ಕೂರುವುದೂ ಬೇಡ! ಬೆನ್ನ ಕೆಳಗೆ ದಿಂಬು ಇಟ್ಟುಕೊಂಡು ಮಲಗಿ ಆಡಬಹುದು. ಕೊಂಡೆ. ಆನ್ ಮಾಡಿದೆ. ಅದೇ ಆಮೆ! ಅದೇ ಊದಿದ ಕೆನ್ನೆ! ಇಷ್ಟು ವರ್ಷವೂ ನನಗಾಗಿಯೇ ಹಣ್ಣು ಆಯುತ್ತಾ ಕಾದಿತ್ತು! ಹೇಳಲು ನಾಚಿಕೆ, ಕಣ್ಣಲ್ಲಿ ನೀರು ಬಂತು.

ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಕಂಡದ್ದೇ ಸಿಡಿಲು. ಕೈಯೊಳಗೆ ಒಂದು ಕಂಪನಿ, ಕೈ ಮೇಲೆ ಇನ್ನೊಂದು ಕಂಪನಿ! ಇದೆಂಥ ಬಾಳು! ಆಗಲೇ ನಾನು ಲೋಟ ಕುಟ್ಟಿದ್ದು.

"ಸಿಡಿಲಿನ ಮೇಲೆ ಬುಗುರಿ ಹಾಕಿಸಿ ಮುಚ್ಚಿಬಿಡ್ತೀನಿ" ಎಂದೆ.

ಈಗ ಅವಳು ತಲೆಯೆತ್ತಿದಳು. "ಓಹೋ! ಪರಿಷ್ಕೃತ ಎರಡನೇ ಮುದ್ರಣ! ನೋಡಿ, ಅಚ್ಚಿನಲ್ಲಿ ತಪ್ಪಾದ್ರೆ ನಾವು ತಿದ್ದುಪಡಿ ಚೀಟಿ ಅಂಟಿಸ್ತೀವಿ. ನೀವು ಕೈಗೆ ಏನು ಅಂಟಿಸ್ತೀರಿ?"

"ಇದನ್ನ ಬರೀ ಹಚ್ಚೆ ಅಂದ್ಕೋಬೇಡ ಕಣೇ!"

"ಇಲ್ಲಪ್ಪ, ಅಂದ್ಕೊಂಡಿಲ್ಲ. ‘ಹ’ಕಾರಕ್ಕೆ ಒಂದು ಕೊಂಬು ಬಿಟ್ಟುಹೋಗಿದೆ, ‘ಚ್ಚೆ’ಗೆ ಎತ್ವದ ಬದಲು ಇನ್ನೊಂದು ಕೊಂಬು ಬರಬೇಕು. ಈಗ ಓದಿ, ಸರಿಯಾಗಿರುತ್ತೆ."

ಓದಿಕೊಂಡೆ. ಹುಚ್ಚು! ಆದರೆ ಕರಡು ತಿದ್ದುವವರ ಮಾತಿಗೆ ಬೆದರಿ ಯಾವ ಮಹಾಪುರುಷ ತಾನೇ ತನ್ನ ಕೃತಿಯನ್ನು ನಿಲ್ಲಿಸಿದ್ದಾನೆ?

ಹಚ್ಚೆ ಅಂಗಡಿಯ ಹೆಂಗಸು ಗಟ್ಟಿಮುಟ್ಟಾದ ಆಳು. ಅವಳ ಮೈಮೇಲೆ ಹೂವು, ಹಾವು, ಹಡಗು ಎಲ್ಲ ಇದ್ದವು. ಖಾಲಿ ಉಳಿದಿದ್ದದ್ದು ಮೂಗು ಒಂದೇ. ನನ್ನ ಮುಂಗೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದಳು.

"ಬುಗುರಿ ಸ್ವಲ್ಪ ದಪ್ಪ ಆಗುತ್ತೆ ಸಾರ್."

"ಆಗಲಿ. ನಾನೂ ಆಗಿದ್ದೀನಿ."

"ಮೊದಲು ಗೆರೆ ಎಳೀತೀನಿ, ಆಮೇಲೆ ಒಳಗಡೆ ಗಾಢ ಕೆಂಪು ತುಂಬಿದ್ರೆ ಸಿಡಿಲು ಮುಚ್ಚಿಹೋಗುತ್ತೆ. ಕೆಳಗಡೆ ಎರಡು ಬಾಲ ಮಾತ್ರ ಒಂಚೂರು ಹೊರಗೆ ಉಳಿಯುತ್ತೆ."

"ಬುಗುರಿ ತಿರುಗುವಾಗ ಎದ್ದ ಗಾಳಿ ಅಂದ್ಕೋತಾರೆ ಬಿಡಿ."

"ನೋಡೋರು ಏನಂದ್ಕೋತಾರೋ ಅದಕ್ಕೆ ನಾನು ಜವಾಬ್ದಾರಳಲ್ಲ ಸಾರ್" ಎಂದು ಸೂಜಿ ಎತ್ತಿದಳು.

ಕಾಲೇಜಿನಲ್ಲಿ ನೋವಾಗಿತ್ತೋ ಇಲ್ಲವೋ ನೆನಪಿಲ್ಲ. ಆಗ ಎದುರಿಗೆ ಗೆಳೆಯರಿದ್ದರು. ಈಗ ಎದುರಿಗೆ ಇದ್ದದ್ದು ಗೋಡೆ ಗಡಿಯಾರ. ಹಲ್ಲು ಕಚ್ಚಿ ಸಹಿಸಿದೆ. ಮೇಲಿನ ಅಗಲ ಮುಗಿಯಿತು, ನಡುವಿನ ತಗ್ಗು ಮುಗಿಯಿತು, ಇಳಿಜಾರು ಮುಗಿಯಿತು. ಅವಳು ಕೆಂಪು ಬಣ್ಣದ ಬಾಟಲಿಗೆ ಕೈ ಹಾಕಿದ್ದೇ ತಡ, ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ!

"ಬಣ್ಣ ಮುಂದಿನ ವಾರ!" ಎಂದೆ.

"ಬರೀ ಗೆರೆ ಇದ್ರೆ ಚೆನ್ನಾಗಿರಲ್ಲ ಸಾರ್..."

ಬಾಗಿಲಲ್ಲಿ ಗಾಳಿ ಬೀಸುತ್ತಿತ್ತು. ಅದಾಗಲೇ ನಾನು ಬೀದಿಯಲ್ಲಿದ್ದೆ. ಮುಂದಿನ ವಾರದ ಹೊತ್ತಿಗೆ ಕೈ ಕೆಂಪೇರಿ ತುರಿಸತೊಡಗಿತು. "ಚರ್ಮ ಪೂರ್ತಿ ವಾಸಿ ಆಗೋವರೆಗೂ ಬಣ್ಣ ಮುಟ್ಟಲ್ಲ" ಎಂದು ಅವಳು ಫೋನಿನಲ್ಲೇ ಹೇಳಿಬಿಟ್ಟಳು. ನನಗೆ ಒಳಗೊಳಗೇ ಖುಷಿ. ಬಣ್ಣವಿಲ್ಲದಿದ್ದರೇನು, ಬುಗುರಿ ಬುಗುರಿಯೇ!

ಅದು ಬುಗುರಿಯಲ್ಲ ಎಂದು ನನಗೆ ತಿಳಿಸಿದ್ದು ಒಬ್ಬ ವಯಸ್ಸಾದ ಗಿರಾಕಿ. ಕಣ್ಣು ಪರೀಕ್ಷೆಗೆ ಬಂದ ಅಜ್ಜಿ. ಅಳತೆಯ ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕುತ್ತಾ, "ಈಗ ಎದುರಿಗೆ ಏನು ಕಾಣುತ್ತೆ ಹೇಳಿ ಅಮ್ಮಾ" ಎಂದೆ.

"ಹಲ್ಲು" ಎಂದರು.

"ಹಲ್ಲಲ್ಲಮ್ಮಾ, ಗೋಡೆ ಮೇಲಿನ ಅಕ್ಷರ ನೋಡಿ."

"ಅಕ್ಷರ ಆಮೇಲಾಯ್ತು. ಹಲ್ಲೇ. ದವಡೆ ಹಲ್ಲು. ಬೇರು ಎರಡೂ ಕಾಣ್ತಿದೆ. ನಡುವೆ ಬಿರುಕು ಬಿಟ್ಟಿದೆ ನೋಡಪ್ಪಾ! ಎಷ್ಟು ಸ್ಪಷ್ಟ! ಇದೇ ಗಾಜು ಇರಲಿ."

ಅವರ ಕಣ್ಣೆದುರಿಗೆ ಇದ್ದದ್ದು ಫ್ರೇಮು ಹಿಡಿದ ನನ್ನ ಮುಂಗೈ. ಹಿಂದಿನ ಕೋಣೆಗೆ ಓಡಿ ಕನ್ನಡಿಯಲ್ಲಿ ನೋಡಿಕೊಂಡೆ. ಅಯ್ಯೋ ದೇವರೇ! ಮೇಲೆ ಅಗಲ, ನಡುವೆ ತಗ್ಗು, ಕೆಳಗೆ ಸಿಡಿಲಿನ ಎರಡು ಬಾಲಗಳೇ ಬೇರುಗಳು, ಒಳಗೆ ಸಿಡಿಲಿನ ಅಂಕುಡೊಂಕೇ ಬಿರುಕು. ನನ್ನ ಬಾಲ್ಯವೂ ಯೌವನವೂ ಕೂಡಿಕೊಂಡು ಒಂದು ಹುಳುಕು ಹಲ್ಲಾಗಿದ್ದವು!

ಇದು ಬೇರೆ ಎಲ್ಲಾದರೂ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತೇನೋ. ನಮ್ಮ ಅಂಗಡಿಯ ಪಕ್ಕದಲ್ಲೇ ಹಲ್ಲಿನ ಕ್ಲಿನಿಕ್ಕು! ಗಿರಾಕಿಗಳು ಫ್ರೇಮು ಆರಿಸುತ್ತಾ ಆರಿಸುತ್ತಾ ನನ್ನ ಕೈ ನೋಡುವರು, ದವಡೆಯನ್ನೊಮ್ಮೆ ಒತ್ತಿಕೊಳ್ಳುವರು. "ಅಂದ ಹಾಗೆ, ಹಲ್ಲಿನ ಡಾಕ್ಟರು ಪಕ್ಕದಲ್ಲೇ ಅಲ್ವಾ? ನಿಮ್ಮ ಕೈ ನೋಡಿ ನೆನಪಾಯ್ತು. ತೋರಿಸ್ಕೊಂಡು ಬರ್ತೀನಿ" ಎಂದು ಹೋಗುವರು. ಹೋದವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು ನೇರ ಮನೆಗೇ ಹೋಗುವರು. ಬಾಯಲ್ಲಿ ಹತ್ತಿ ಇರುವವರು ಕನ್ನಡಕ ಕೊಳ್ಳುವುದಿಲ್ಲ ಎಂಬ ಸತ್ಯ ಆ ದಿನಗಳಲ್ಲಿ ನನಗೆ ಮನದಟ್ಟಾಯಿತು.

ನಮ್ಮ ಮಾಲೀಕರಿಗೂ ಮನದಟ್ಟಾಯಿತು. ಅವರು ತಮ್ಮ ಕನ್ನಡಕವನ್ನು ಸದಾ ಹಣೆಯ ಮೇಲೆ ಇಟ್ಟುಕೊಳ್ಳುವವರು. ಯಾರ ಮೇಲಾದರೂ ಸಿಟ್ಟು ಬಂದರೆ ಮಾತ್ರ ಕಣ್ಣಿಗಿಳಿಸುತ್ತಾರೆ. ಆ ದಿನ ಇಳಿಸಿದರು.

"ಸಂಬಳ ನಂದು, ಜಾಹೀರಾತು ಪಕ್ಕದ ಅಂಗಡಿದಾ?"

"ಸಾರ್, ಇದು ಹಲ್ಲಲ್ಲ. ಬುಗುರಿ."

"ಬುಗುರಿಗೆ ಬೇರು ಯಾಕಿದೆ?"

"ಬೇರಲ್ಲ ಸಾರ್, ಅದು ಸಿಡಿಲು."

"ಹಲ್ಲಿಗೆ ಸಿಡಿಲು ಹೊಡೀತಾ?"

"ಅದು ಮೊದಲಿದ್ದ ಕಂಪನಿ ಸಾರ್..."

"ಮೊದಲು ಯಾವ ಕಂಪನೀಲಿದ್ರಿ ಅಂತ ನಾನು ಕೇಳಿದ್ನಾ? ಈಗ ನನ್ನ ಕಂಪನೀಲಿದ್ದೀರಿ! ನಾಳೆಯಿಂದ ಅದನ್ನ ಮುಚ್ಕೊಂಡು ಬನ್ನಿ. ಆಗಲ್ಲ ಅಂದ್ರೆ ಪಕ್ಕದಲ್ಲೇ ಕೆಲಸ ಕೇಳಿ. ಅಲ್ಲಿ ನಿಮ್ಮನ್ನ ಗೋಡೆಗೇ ನೇತುಹಾಕ್ತಾರೆ!"

ಮರುದಿನ ಮುಂಗೈಗೆ ಬ್ಯಾಂಡೇಜು ಸುತ್ತಿಕೊಂಡು ಹೋದೆ. ಬುದ್ಧಿವಂತಿಕೆ ಎಂದುಕೊಂಡೆ. ಗಿರಾಕಿಗಳು ಬ್ಯಾಂಡೇಜು ನೋಡಿದರು, ಅದರ ಅಂಚಿನಿಂದ ಇಣುಕುತ್ತಿದ್ದ ಕೆಂಪು ಚರ್ಮವನ್ನು ನೋಡಿದರು, ಮುಖ ಹಿಂದಕ್ಕೆಳೆದುಕೊಂಡರು. ನಾನು ಫ್ರೇಮು ಹಿಡಿದು ಒಂದು ಹೆಜ್ಜೆ ಮುಂದೆ ಹೋದರೆ ಅವರು ಕುರ್ಚಿಸಮೇತ ಹಿಂದೆ ಹೋಗುವರು! ಒಬ್ಬರಂತೂ ಮೂಗಿನ ಹತ್ತಿರ ಫ್ರೇಮು ಒತ್ತುತ್ತದೆ ಎಂದು ಬಂದವರು, "ನೀವು ಅಲ್ಲಿಂದಲೇ ಹೇಳಿ, ನಾನೇ ಬಗ್ಗಿಸ್ಕೋತೀನಿ" ಎಂದರು. ನಾನು ಅಲ್ಲಿಂದಲೇ ಹೇಳಿದೆ. ಅವರು ಬಗ್ಗಿಸಿದರು. ಫಟ್ ಎಂದು ಕಡ್ಡಿ ಮುರಿಯಿತು. ಮಾಲೀಕರ ಕನ್ನಡಕ ಮತ್ತೆ ಕಣ್ಣಿಗಿಳಿಯಿತು. ನನಗೆ ಹಿಂದಿನ ಕೋಣೆಗೆ ವರ್ಗವಾಯಿತು. ಕೆಲಸ: ಸ್ಕ್ರೂ ವಿಂಗಡಣೆ. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳು!

ಆ ಕತ್ತಲಕೋಣೆಗೆ ಒಂದು ಮಧ್ಯಾಹ್ನ ಪಕ್ಕದ ಕ್ಲಿನಿಕ್ಕಿನ ಡಾಕ್ಟರಮ್ಮ ಬಂದರು. ತಲೆ ನೆರೆತ, ಗುಂಡಗಿನ, ನಗುಮುಖದ ಹೆಂಗಸು.

"ನಿಮ್ಮಿಂದ ನಮ್ಮಲ್ಲಿ ಕೂರಕ್ಕೆ ಜಾಗ ಇಲ್ಲ ಕಣ್ರೀ! ಎಲ್ಲಿ, ಕೈ ತೋರಿಸಿ. ಅಬ್ಬಬ್ಬಾ! ಕೆಳದವಡೆ ಹಲ್ಲು. ಯಾರು ಬರೆದಿದ್ದು? ಬೇರಂತೂ ಪುಸ್ತಕದಲ್ಲಿ ಇರೋ ಹಾಗೇ ಇದೆ. ಬನ್ನಿ, ಊಟಕ್ಕೆ ನಮ್ಮ ಕಡೆ ಬನ್ನಿ."

ಹೋದೆ. ಕಾಯುವ ಕೋಣೆಯಲ್ಲಿ ಹೆದರಿದ ರೋಗಿಗಳ ಮನಸ್ಸು ಬೇರೆಡೆ ತಿರುಗಿಸಲು ಒಂದು ಟೀವಿ, ಅದರ ಕೆಳಗೆ ಒಂದು ಕನ್ಸೋಲ್. ಬುಗುರಿಯೂ ಅಲ್ಲ, ಸಿಡಿಲೂ ಅಲ್ಲ. ಮೂರನೇ ಕಂಪನಿ! ಗುರುತು ಹದ್ದು. ಊಟದ ವಿರಾಮದಲ್ಲಿ ಡಾಕ್ಟರಮ್ಮ ಬಾಗಿಲಿಗೆ ‘ಮುಚ್ಚಿದೆ’ ಫಲಕ ತಿರುಗಿಸಿ, ಕೈಗವಸು ಕಳಚಿ, ಹದ್ದಿನ ಬೆನ್ನೇರಿ ಕಣಿವೆಗಳ ಮೇಲೆ ಹಾರುತ್ತಿದ್ದರು.

"ಆಡ್ತೀರಾ?"

"ಕ್ಷಮಿಸಿ, ನಾನು ಬುಗುರಿಯವನು" ಎಂದೆ, ಎದೆ ಉಬ್ಬಿಸಿ.

"ಸುಮ್ನೆ ಒಂದ್ಸಲ ಹಿಡಿದು ನೋಡ್ರೀ."

ಬರೀ ಸೌಜನ್ಯಕ್ಕೆ ಹಿಡಿದೆ. ನೀವು ನಂಬಬೇಕು, ಬರೀ ಸೌಜನ್ಯಕ್ಕೆ! ಆದರೆ ಆ ಕಂಟ್ರೋಲರ್ ಇದೆಯಲ್ಲ, ನನ್ನ ಅಂಗೈಯ ಅಳತೆ ತೆಗೆದುಕೊಂಡೇ ಮಾಡಿದಂತಿತ್ತು. ಹೆಬ್ಬೆರಳು ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂತಿತು. ಹದ್ದು ರೆಕ್ಕೆ ಬಿಚ್ಚಿತು. ಕೆಳಗೆ ನದಿ ಮಿನುಗಿತು. ನನ್ನ ಬೆನ್ನುನೋವು ಆ ಹೊತ್ತಿಗೆ ಎಲ್ಲಿಗೆ ಹೋಗಿತ್ತೋ! ಮರುದಿನವೂ ಸೌಜನ್ಯಕ್ಕೆ ಹೋದೆ. ಅದರ ಮರುದಿನ, ಅವರು ರೋಗಿಯ ಬಾಯಿಂದ ಕೈ ತೆಗೆಯುವ ಮೊದಲೇ ನಾನು ಬಾಗಿಲಲ್ಲಿ ಸೌಜನ್ಯದಿಂದ ನಿಂತಿದ್ದೆ.

ಮನೆಯಲ್ಲಿ ಬುಗುರಿಯ ಕನ್ಸೋಲ್ ದಿಂಬಿನ ಪಕ್ಕದಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಕಾಲುಚೀಲದ ಡ್ರಾಯರಿಗೆ ಹೋಯಿತು. ಚಾರ್ಜು ಮುಗಿದು ಆಮೆ ಕಣ್ಣು ಮುಚ್ಚಿತು. ನಾನು ಗಮನಿಸಲೇ ಇಲ್ಲ. ನನ್ನಾಕೆ ಗಮನಿಸಿದ್ದಳು. ಆದರೆ ಏನೂ ಅಂದಿರಲಿಲ್ಲ. ಬಾಯಿ ಬಿಟ್ಟವನು ನಾನೇ.

"ಹದ್ದಿನ ಕಂಟ್ರೋಲರ್ ಒಂದ್ಸಲ ಹಿಡಿದು ನೋಡಬೇಕು ಕಣೇ! ಅದರ ಮುಂದೆ ಬುಗುರಿ ಏನು, ಪಾಪುಗಳ ಆಟಿಕೆ!"

ಕೆಂಪು ಪೆನ್ನು ಮೇಜಿನ ಮೇಲೆ ಬಿತ್ತು.

"ನಮ್ಮ ಮದುವೆ ಹೊಸದರಲ್ಲಿ ನಾನು ಒಂದು ಮಾತು ಕೇಳಿದ್ದೆ. ನೆನಪಿದೆಯಾ?"

"ಯಾವ ಮಾತು?"

"ಆ ಸಿಡಿಲಿನ ಪಕ್ಕದಲ್ಲಿ, ಸಣ್ಣದಾಗಿ, ನನ್ನ ಹೆಸರು ಹಾಕಿಸ್ಕೋತೀರಾ ಅಂತ. ನೀವೇನಂದ್ರಿ?"

ನೆನಪಿತ್ತು. ಹಾಳು ನೆನಪು! "ಚರ್ಮ ಸೂಕ್ಷ್ಮ ಅಂದೆ."

"ನನ್ನ ಹೆಸರಿಗೆ ಚರ್ಮ ಸೂಕ್ಷ್ಮ. ಆಮೆ ಕಂಪನಿಗೆ ಅದೇ ಚರ್ಮ ಆಮೆದಾಗಿಬಿಡ್ತು! ಅದೂ ಹೋಗ್ಲಿ, ಕೈ ವಾಸಿ ಆಗೋ ಮೊದಲೇ ಅದೂ ಬೇಡವಾಯ್ತು!"

ಎದ್ದು ಹೋದಳು. ತಮಾಷೆಯ ದನಿಯಲ್ಲ. ನಾನು ಆ ದನಿಯನ್ನು ಮೊದಲು ಕೇಳಿರಲಿಲ್ಲ.

ಜಗಳವಾಡಿದ್ದರೆ ಪರವಾಗಿರಲಿಲ್ಲ. ಅವಳು ಸಭ್ಯಳಾಗಿಬಿಟ್ಟಳು! "ಊಟ ಇದೆ." "ಬಾಗಿಲು ಹಾಕಿ." ಅಷ್ಟೇ. ನಾನು ತಲೆಗೂದಲಿಗೆ ಹಚ್ಚೆ ಹಾಕಿಸಿಕೊಂಡರೂ ಕೇಳುವುದಿಲ್ಲವೇನೋ ಎಂಬಷ್ಟು ಸಭ್ಯತೆ. ಪರೀಕ್ಷಿಸೋಣವೆಂದು ಒಂದು ಸಂಜೆ ಬೇಕೆಂದೇ, "ಈ ತಿಂಗಳು ನಮ್ಮ ಹಾರ್ದಿಕ ಪರಿಸ್ಥಿತಿ ಸರಿಯಿಲ್ಲ" ಎಂದೆ. ಆರ್ಥಿಕಕ್ಕೆ ಹಾರ್ದಿಕ! ಕರಡು ತಿದ್ದುವವಳ ಕಿವಿಗೆ ಕಾದ ಎಣ್ಣೆ! ಅವಳು ಒಂದು ಕ್ಷಣ ನನ್ನನ್ನು ನೋಡಿ, "ಹೌದು, ಸರಿಯಿಲ್ಲ" ಎಂದಳು. ತಿದ್ದಲಿಲ್ಲ.

ಅಷ್ಟೂ ವರ್ಷ ದಿನಕ್ಕೆ ಎಷ್ಟೋ ಸಲ ನನ್ನನ್ನು ತಿದ್ದಿದವಳು ಈಗ ಕೈಬಿಟ್ಟಳೆಂದರೆ, ಪುಸ್ತಕವೇ ಬೇಡವಾಯಿತೆಂದು ಅರ್ಥವಲ್ಲವೇ!

ಹಾಗಾಗಿ ಮತ್ತೊಂದು ಮಹಾನಿರ್ಧಾರ ತೆಗೆದುಕೊಂಡೆ. "ಸಂಜೆ ಒಂದು ಕಡೆ ಹೋಗೋಣ ಬಾ" ಎಂದು ಅವಳನ್ನು ಅಚ್ಚುಕೂಟದಿಂದಲೇ ಕರೆದುಕೊಂಡು ನೇರ ಹಚ್ಚೆ ಅಂಗಡಿಗೆ ಹೋದೆ. ಅಂಗಿಯ ತೋಳು ಮಡಚಿ ಕುರ್ಚಿಯ ಮೇಲೆ ಕೂತು ಗುಡುಗಿದೆ:

"ಹಾಕಿ ಇವಳ ಹೆಸರು! ದೊಡ್ಡದಾಗಿ! ಬಣ್ಣಸಮೇತ! ನಾನು ಅಳ್ತೀನಿ, ನೀವು ನಿಲ್ಲಿಸಬೇಡಿ!"

ಹಚ್ಚೆಯವಳು ನನ್ನ ಮುಂಗೈ ನೋಡಿದಳು. "ಎಲ್ಲಿ ಹಾಕ್ಲಿ ಸಾರ್? ಈ ಹಲ್ಲಿನ ಕೆಳಗೆ ಹೆಸರು ಬರೆದ್ರೆ ಕ್ಲಿನಿಕ್ ಬೋರ್ಡ್ ಆಗುತ್ತೆ."

"ಹಾಗಾದ್ರೆ ಎಡಗೈ!" ಎಂದು ಇನ್ನೊಂದು ತೋಳನ್ನೂ ಮಡಚಿದೆ.

ಸೂಜಿ ಗುಂಯ್‌ಗುಟ್ಟಿತು. ನಾನು ಕಣ್ಣು ಮುಚ್ಚಿದೆ. ಯಾರೋ ನನ್ನ ಕೈ ಹಿಡಿದರು. ಕಣ್ಣು ಬಿಟ್ಟರೆ ನನ್ನಾಕೆ! ಎಷ್ಟೋ ದಿನಗಳ ಮೇಲೆ ಅವಳ ತುಟಿಯ ಅಂಚಿನಲ್ಲಿ ನಗು. ನಿಧಾನವಾಗಿ ನನ್ನ ತೋಳು ಇಳಿಸಿ, ಮಣಿಕಟ್ಟಿನ ಗುಂಡಿ ಹಾಕಿದಳು.

"ಬೇಡ ರೀ."

"ಯಾಕೇ? ಚರ್ಮದ ಚಿಂತೆ ಬಿಡು! ಏನಾದ್ರೂ ಆಗಲಿ!"

"ನನಗೆ ಚರ್ಮದ ಚಿಂತೆ ಅಲ್ಲ. ಸಿಡಿಲು ಅಂತ ಕೈ ಕೊಟ್ರಿ, ಆಮೇಲೆ ಸಿಡಿಲಿಗೇ ಕೈ ಕೊಟ್ರಿ. ಬುಗುರಿ ಅಂತ ಕೈ ಕೊಟ್ರಿ, ಆಮೇಲೆ ಬುಗುರಿಗೂ ಕೈ ಕೊಟ್ರಿ. ಇಷ್ಟು ವರ್ಷ ನಿಮ್ಮ ಹತ್ರ ಬಾಳಿ ಉಳಿದಿರೋಳು ನಾನೊಬ್ಬಳೇ, ಅದೂ ನಿಮ್ಮ ಕೈ ಮೇಲೆ ಹೆಸರಿಲ್ಲ ಅನ್ನೋ ಕಾರಣಕ್ಕೆ. ಏಳಿ, ಹೋಗೋಣ!"